ದೊಡ್ಡ ಅಳತೆಯ ಹಳಿ

ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ. ನನ್ನದು ಹಾಗಲ್ಲ, ವೇಳೆಗೆ ಸರಿಯಾಗಿ ಬರುತ್ತದೆ. ಸಂಜೆ ಐದೂವರೆಗೆ ಪಕ್ಕದ ಮನೆಯ ನಂಜುಂಡಯ್ಯನವರು ತಮ್ಮ ಆಟದ ರೈಲಿಗೆ ಕೀಲಿ ಕೊಡುತ್ತಿದ್ದರು. ಐದೂವರೆಗೆ ನನ್ನ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು.

ನಾವಿಬ್ಬರೂ ರೈಲ್ವೆಯಲ್ಲಿದ್ದು, ನಿವೃತ್ತರಾಗಿ ದೊಡ್ಡಬಳ್ಳಾಪುರದಲ್ಲಿ ನೆಲೆಸಿದವರು. ಅವರು ಮೀಟರ್ ಗೇಜಿನ ಗಾರ್ಡು. ನಾನು ದೇವನಹಳ್ಳಿ ಕಡೆಯ ಸಣ್ಣ ಲೈನಿನ ಸ್ಟೇಷನ್ ಮಾಸ್ಟರು. ಹುದ್ದೆಯಲ್ಲಿ ನಾನು ಮೇಲು, ಹಳಿಯ ಅಗಲದಲ್ಲಿ ಅವರು. ಬೀದಿಯ ಜನ ನೋಡುವುದು ಹಳಿಯನ್ನೇ. "ನಿಮ್ಮ ರೈಲಿಂದ ಇಳಿದು, ಹೊಲದಲ್ಲಿ ಅವರೆಕಾಯಿ ಕಿತ್ಕೊಂಡು, ಮತ್ತೆ ಅದೇ ಡಬ್ಬಿ ಹತ್ತಬಹುದಂತಲ್ಲ ಸ್ವಾಮಿ" ಎಂದು ನಂಜುಂಡಯ್ಯ ಮದುವೆಮನೆಯ ಪಂಕ್ತಿಯಲ್ಲೇ ಕೇಳಿದ್ದುಂಟು. ನಾನು ಪಾಯಸದ ಕಡೆ ಗಮನ ಕೊಟ್ಟೆ. ಅವರೆಕಾಯಿಯ ಮಾತು ಸುಳ್ಳಲ್ಲ; ನಾನೂ ತಿಂದಿದ್ದೇನೆ.

ಮದ್ರಾಸಿನ ಅಳಿಯ ತಂದುಕೊಟ್ಟ ಅವರ ರೈಲು ತಟ್ಟೆಯಂಥ ಒಂದೇ ಸುತ್ತು ಸುತ್ತುತ್ತಿತ್ತು. ಅಷ್ಟಕ್ಕೇ ಬೀದಿಯೆಲ್ಲ ಅವರ ಹಜಾರದಲ್ಲಿ. ನಾನು ಬೊಂಬಾಯಿಯ ಭಾವಮೈದುನನಿಗೆ ಬರೆದೆ. ಅವನು ಇಂಜಿನ್ನು, ಎರಡು ಡಬ್ಬಿ ಕಳಿಸಿ, ಹಳಿಯನ್ನು ಬೆಂಗಳೂರಿನಲ್ಲೇ ಕೊಳ್ಳಿ ಎಂದ. ನೇರ ಹಳಿ, ತಿರುವು, ಕವಲು, ಗೂಡ್ಸ್ ನಿಲ್ಲಲು ಪಕ್ಕದ ದಾರಿ, ಎಲ್ಲದರ ನಕ್ಷೆ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ನನ್ನಾಕೆ ಶಾರದೆ ತಡೆದಳು.

"ಇಂಜಿನ್ ತಗೊಂಡ್ಹೋಗಿ, ಅಲ್ಲೇ ಇಟ್ಟು ನೋಡಿ. ಬಳೆ ತರೋಕೂ ಅಳತೆ ಬಳೆ ಕೊಟ್ಟು ಕಳಿಸ್ತೀವಿ."

"ಇಂಜಿನ್ನಿಗೆ ಹಸಿರು ನಿಶಾನೆ ತೋರಿಸಿಯೇ ಮುದುಕನಾದವನು ನಾನು. ಬಳೆ ವಿಷಯ ನೀನು ನೋಡ್ಕೋ" ಎಂದು ಇಂಜಿನ್ ಬಿಟ್ಟೇ ಬಸ್ಸು ಹತ್ತಿದೆ.

ಚಿಕ್ಕಪೇಟೆಯ ಅಂಗಡಿಯವನು ಎರಡು ಪೆಟ್ಟಿಗೆ ತೆಗೆದಿಟ್ಟ. "ಎರಡು ಅಗಲದವು ಇವೆ. ನಿಮಗೆ ಯಾವುದು ಕೊಡ್ಲಿ ಯಜಮಾನ್ರೇ, ಸಣ್ಣದಾ, ದೊಡ್ಡದಾ?"

ನೌಕರಿಯುದ್ದಕ್ಕೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹಾಕಿದ ಲೈನಿನಲ್ಲಿ ದುಡಿದವನು ನಾನು. "ದೊಡ್ಡದೇ ಕೊಡಪ್ಪ" ಎಂದುಬಿಟ್ಟೆ. ಊರಿಗೆ ಬರುವ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಸೀಟಿನ ಕೆಳಗೂ ಇಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಮರುದಿನ ಹಜಾರದಲ್ಲಿ ಹಳಿ ಜೋಡಿಸಿ, ನಂಜುಂಡಯ್ಯನವರನ್ನು ಕರೆದು ಕೂರಿಸಿ, ಇಂಜಿನ್ ಇಳಿಸಿದೆ. ಅದು ಎರಡು ಹಳಿಗಳ ನಡುವೆ, ತೊಟ್ಟಿಲಲ್ಲಿ ಮಲಗಿಸಿದ ಕೂಸಿನಂತೆ, ಹಳಿಯಡಿಯ ಸ್ಲೀಪರು ಪಟ್ಟಿಗಳ ಮೇಲೆ ಕೂತುಬಿಟ್ಟಿತು. ಶಾರದೆ ಕೈಬಳೆ ಸರಿಮಾಡಿಕೊಂಡು ಒಳಗೆ ಹೋದಳು. ನಂಜುಂಡಯ್ಯ ಬಗ್ಗಿ ನೋಡಿ ನಿಧಾನವಾಗಿ ಹೇಳಿದರು: "ಹಳಿ ಬಹಳ ಚೆನ್ನಾಗಿದೆ ಸ್ವಾಮಿ. ಇಂಜಿನ್ ಮಾತ್ರ ನಿಮ್ಮ ಲೈನಿಂದು."

ಹಳಿ ಬದಲಾಯಿಸಿಕೊಡಲು ಅಂಗಡಿಯವನು ಒಪ್ಪುತ್ತಿದ್ದನೇನೋ. ಆದರೆ ಅಲ್ಲಿ ನಿಂತು "ಸಣ್ಣದು ಕೊಡಿ" ಎನ್ನಲು ನನಗೆ ಬಾಯಿ ಬರಲಿಲ್ಲ. ನಂಜುಂಡಯ್ಯ ತಮ್ಮ ಇಂಜಿನ್ ತಂದು ಇಟ್ಟರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ನನ್ನ ತಿರುವಿನಲ್ಲಿ, ನನ್ನ ಕವಲಿನಲ್ಲಿ ಸಲೀಸಾಗಿ ಓಡಿತು. ಅಂದಿನಿಂದ ದಿನವೂ ಬಂದರು. ಬೀದಿಯೂ ಅವರ ಹಿಂದೆಯೇ ನಮ್ಮ ಹಜಾರಕ್ಕೆ ಬಂತು. ಬಂದವರೆಲ್ಲ ಹೊಗಳಿದ್ದು ರೈಲನ್ನು. ನನ್ನ ಇಂಜಿನ್ ಗಾಜಿನ ಬೀರುವಿನಿಂದ ನೋಡುತ್ತಿತ್ತು, ಅದರ ಪಕ್ಕದಲ್ಲಿ ನಾನು.

ಮೊನ್ನೆ ಐದೂವರೆ ದಾಟಿದರೂ ಅವರು ಬರಲಿಲ್ಲ. ನಾನು ಗಡಿಯಾರ ನೋಡುತ್ತ ಒಳಗೂ ಹೊರಗೂ ಓಡಾಡಿದೆ.

"ಗಾಡಿ ಅವರದು. ತಡವಾದ್ರೆ ನಿಮಗೇನ್ರೀ ಕಷ್ಟ?" ಎಂದಳು ಶಾರದೆ.

"ಹಳಿ ನಂದಲ್ವೇನೇ?" ಎಂದು, ನಂಜುಂಡಯ್ಯನವರನ್ನು ಕರೆಯಲು ಚಪ್ಪಲಿ ಮೆಟ್ಟಿದೆ.