‘ಇವ್ರು’ ಎಂಬ ಆಸಾಮಿ

ಹೊಟ್ಟೆಕಿಚ್ಚಿಗೆ ಕಾರಣ ದೊಡ್ಡದೇ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪಕ್ಕದ ಮನೆಗೆ ತಾರಸಿ ಬಂದರೆ ಕೆಲವರಿಗೆ ನಿದ್ದೆ ಹತ್ತುವುದಿಲ್ಲ, ಷಡ್ಡಕ ಸ್ಕೂಟರ್ ಕೊಂಡರೆ ಕೆಲವರಿಗೆ ಊಟ ಸೇರುವುದಿಲ್ಲ. ಇವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚು. ನಾಲ್ಕು ಜನರ ಮುಂದೆ ಹೇಳಿಕೊಂಡರೆ ನಾಲ್ವರೂ ‘ಪಾಪ’ ಅನ್ನುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನನ್ನ ಸಹೋದ್ಯೋಗಿ ಮೋಹನನನ್ನು ಅವನ ಹೆಂಡತಿ ‘ಮೋಹನ್’ ಎಂದು ಕರೆಯುತ್ತಾಳೆ. ಅಷ್ಟೇ. ಅದಕ್ಕೇ ನನ್ನ ಹೊಟ್ಟೆ ಬಚ್ಚಲ ಒಲೆಯ ಹಾಗೆ ಉರಿಯುತ್ತಿತ್ತು.

ನನ್ನ ಹೆಸರು ಹಾಲಪ್ಪ. ಮನೆ ಅಜ್ಜಂಪುರದಲ್ಲಿ, ಕೆಲಸ ಕಡೂರಿನ ಕಾಲೇಜಿನಲ್ಲಿ ಗಣಿತ ಹೇಳುವುದು. ದಿನವೂ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ, ಬೀರೂರಿನಲ್ಲಿ ಅದು ಸುಮ್ಮನೆ ನಿಂತಷ್ಟು ಹೊತ್ತೂ ರೈಲ್ವೆಯವರನ್ನು ಬೈದು, ಕಡೂರಿನಲ್ಲಿ ಇಳಿಯುತ್ತೇನೆ. ಪ್ಲಾಟ್‌ಫಾರಂನಲ್ಲಿ ‘ನಮಸ್ಕಾರ ಹಾಲಪ್ಪ ಸಾರ್’ ಎನ್ನುವವರು ಬೇಕಾದಷ್ಟು ಮಂದಿ. ಹಿಂದಿನ ಬೆಂಚಿನ ಹುಡುಗರು ನನ್ನ ಹೆಸರನ್ನು ಇನ್ನೂ ಬಗೆಬಗೆಯಾಗಿ ಹೇಳುತ್ತಾರೆ. ನನ್ನ ತಾಯಿಯಂತೂ ಬೀದಿಯ ಆ ತುದಿಗೆ ಕೇಳುವಂತೆ ‘ಲೇ ಹಾಲಪ್ಪಾ’ ಎಂದು ಕೂಗುತ್ತಾಳೆ. ಇಷ್ಟೆಲ್ಲ ಜನರ ಬಾಯಲ್ಲಿ ಓಡಾಡುವ ಈ ಹೆಸರು ಒಂದೇ ಒಂದು ಬಾಯಲ್ಲಿ ಕಾಲಿಟ್ಟಿರಲಿಲ್ಲ. ಅದು ನನ್ನ ಹೆಂಡತಿ ಗಿರಿಜೆಯ ಬಾಯಿ.

ಗಂಡನ ಹೆಸರು ಹೇಳಬಾರದೆಂಬುದು ನಮ್ಮ ಕಡೆ ಹೊಸ ವಿಷಯವಲ್ಲ. ಆದರೆ ಗಿರಿಜೆ ಎಸ್ಸೆಸ್ಸೆಲ್ಸಿ ಓದಿದವಳು, ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡುವವಳು. ಹಾಲಪ್ಪನನ್ನು ಬಿಟ್ಟಮೇಲೆ ಹಾಲನ್ನೂ ಬಿಟ್ಟಳು. ಕುಡಿಯುವುದನ್ನಲ್ಲ, ಹೇಳುವುದನ್ನು. ನಮ್ಮ ಮನೆಯಲ್ಲಿ ಹಾಲಿಗೆ ‘ಬಿಳೇದು’ ಎಂದು ಹೆಸರು. ಶಾವಿಗೆಗೆ ಹಾಕುವ ಕಾಯಿಹಾಲು ‘ಕಾಯಿ ಬಿಳೇದು’. ಪಂಚನಹಳ್ಳಿಯ ನೆಂಟರು ಹೊಸ ಮನೆ ಕಟ್ಟಿಸಿದಾಗ ಹತ್ತು ಜನರೆದುರು ‘ಬಿಳೇದು ಉಕ್ಕಿಸೋ ಮುಹೂರ್ತ ಎಷ್ಟೊತ್ತಿಗೆ?’ ಎಂದು ಕೇಳಿ ಪುರೋಹಿತರನ್ನು ಪಂಚಾಂಗ ತಿರುವುವಂತೆ ಮಾಡಿದ್ದಳು. ಒಮ್ಮೆ ಜನಗಣತಿಗೆ ಬಂದ ಮೇಷ್ಟ್ರು ‘ಯಜಮಾನರ ಹೆಸರೇನಮ್ಮ?’ ಅಂದರಂತೆ. ಇವಳು ಒಳಗೆ ಹೋಗಿ ಒಂದು ಲೋಟ ಹಾಲು ತಂದು ಅವರ ಮುಂದೆ ಹಿಡಿದು, ‘ಇದೇ, ಮುಂದಕ್ಕೆ ಅಪ್ಪ ಸೇರಿಸ್ಕೊಳ್ಳಿ’ ಎಂದು ಹೇಳಬೇಕೆನ್ನುವಷ್ಟರಲ್ಲಿ, ಬಿಸಿಲಲ್ಲಿ ಬಂದಿದ್ದ ಮೇಷ್ಟ್ರು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ‘ದೇವರು ಒಳ್ಳೇದು ಮಾಡ್ಲಿ ತಾಯಿ. ಈಗ ಹೆಸರು ಹೇಳಿ’ ಅಂದರಂತೆ.

ಇದನ್ನೆಲ್ಲ ನಾನು ನಗುತ್ತಲೇ ಊರವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ನಗು ನಿಂತದ್ದು ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದಮೇಲೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಕಂಪ್ಯೂಟರಿನ ಹಣೆಗೆ ವಿಭೂತಿ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು. ಅದರ ವಿದ್ಯೆ ಕಲಿಯಲು ಯಾರನ್ನಾದರೂ ಬೆಂಗಳೂರಿಗೆ ಕಳಿಸಬೇಕೆಂದಾಗ ಸೀನಿಯರ್ ಆದ ನಾನು ಹೊಸ ಸೂಟ್‌ಕೇಸಿನ ವಿಚಾರ ಮಾಡುತ್ತ ಕೂತೆ. ಪ್ರಿನ್ಸಿಪಾಲರು ಭೌತಶಾಸ್ತ್ರದ ಮೋಹನನನ್ನು ಕಳಿಸಿದರು. ಅವನು ನನಗಿಂತ ಚಿಕ್ಕವನು, ಮೈಸೂರಿನಲ್ಲಿ ಓದಿದವನು, ತಲೆಕೂದಲು ಬೇರೆ ದಟ್ಟ. ಹೊಟ್ಟೆಗೆ ಕಿಡಿ ಬಿದ್ದದ್ದು ಆಗ. ಎಣ್ಣೆ ಬಿದ್ದದ್ದು ಅವನು ತಿರುಗಿ ಬಂದಮೇಲೆ.

ಬಂದವನು ಸ್ಟಾಫ್‌ರೂಮಿನಲ್ಲಿ ಕರಿಹಲಗೆ ನಿಲ್ಲಿಸಿ ನಮಗೆಲ್ಲ ಪಾಠ ಶುರುಮಾಡಿದ. ಪ್ರೋಗ್ರಾಂ ಬರೆಯುವ ಹೊಸ ಪದ್ಧತಿಯಂತೆ. ನಮ್ಮ ಕಂಪ್ಯೂಟರಿಗೇ ಅದಿನ್ನೂ ಬಾರದು, ಹಲಗೆಯ ಮೇಲೆ ಮಾತ್ರ ಬರುತ್ತಿತ್ತು. ‘ನೋಡಿ ಸಾರ್, ಮೊದಲು ಲೆಕ್ಕ ಒಂದು ಕಡೆ, ಸಾಮಾನು ಒಂದು ಕಡೆ ಇರ್ತಿತ್ತು. ಈಗ ಎರಡನ್ನೂ ಸೇರಿಸಿ ಒಂದು ಸಂಸಾರ ಮಾಡ್ತಾರೆ. ಅದೇ ಆಬ್ಜೆಕ್ಟು. ಹೊರಗಿನವರು ಅದನ್ನ ಹೆಸರಿಟ್ಟು ಕರೀಬೇಕು. ಆದ್ರೆ ಒಳಗಿನ ಕೆಲಸಗಳಿಗೆ ಆ ಹೆಸರಿನ ಗೊಡವೆ ಇಲ್ಲ. ಅವು ತಮ್ಮ ಯಜಮಾನನ್ನ ಬರೀ ‘ದಿಸ್’, ಅಂದ್ರೆ ‘ಇದು’, ಅಂತವೆ. ಯಾರ ಸಂಸಾರದ ಒಳಗೆ ಕೂತು ಅಂತವೋ ಅವನೇ ಆ ಹೊತ್ತಿನ ದಿಸ್ಸು. ನಿಮ್ಮನೇಲಿ ಅಂದ್ರೆ ನೀವು, ನಮ್ಮನೇಲಿ ಅಂದ್ರೆ ನಾನು’ ಎಂದ.

ನನಗೆ ತಡೆಯಲಾಗಲಿಲ್ಲ. ‘ಇದನ್ನ ಕಲಿಯೋಕೆ ಬೆಂಗಳೂರಿಗೆ ಯಾಕಪ್ಪಾ ಹೋಗ್ಬೇಕಿತ್ತು? ನಮ್ಮೂರ ನಲ್ಲಿ ಹತ್ರ ಬಂದು ನಿಂತಿದ್ರೆ ಸಾಕಾಗಿತ್ತು. ಅಷ್ಟೂ ಹೆಂಗಸರು ಇವ್ರು ಬೈದ್ರು, ಇವ್ರು ಸಂತೆಗೆ ಹೋದ್ರು, ಇವ್ರಿಗೆ ಭೇದಿ ಅಂತಿರ್ತಾರೆ. ಇವತ್ತಿನವರೆಗೂ ಯಾರ ಗಂಡನೂ ಅದಲುಬದಲಾಗಿಲ್ಲ’ ಎಂದೆ. ಸ್ಟಾಫ್‌ರೂಮು ಗೊಳ್ಳೆಂದಿತು. ಮೋಹನನೂ ಚಪ್ಪಾಳೆ ತಟ್ಟಿ ನಕ್ಕ. ಗೆದ್ದೆ ಎಂದು ನಾನು ನಶ್ಯದ ಡಬ್ಬಿ ತೆಗೆಯುವಷ್ಟರಲ್ಲಿ ಅವನು, ‘ಕರೆಕ್ಟ್ ಸಾರ್. ಆದ್ರೆ ನಮ್ಮನೇಲಿ ಈ ದಿಸ್ಸು ನಡೆಯಲ್ಲ. ವೀಣಾ ನನ್ನನ್ನ ಹೆಸರಿಟ್ಟೇ ಕರೀತಾಳೆ’ ಎಂದುಬಿಟ್ಟ.

ನಂಬಲಿಲ್ಲ. ಸಂಜೆ ಅವನ ಜೊತೆ ಕಡೂರಿನಲ್ಲೇ ಇದ್ದ ಅವನ ಮನೆಗೆ ಕಾಫಿಗೆಂದು ಹೋದೆ. ಒಳಗಿನಿಂದ ಬಂತು ದನಿ: ‘ಮೋಹನ್, ಕಾಫಿ ರೆಡಿ.’ ಸ್ವಲ್ಪ ಹೊತ್ತಿಗೆ, ‘ಮೋಹನ್, ಸಾರ್‌ಗೆ ಸಕ್ಕರೆ ಸಾಕಾ ಕೇಳು.’ ನನ್ನ ಲೋಟದಲ್ಲಿದ್ದದ್ದು ಕಾಫಿಯೋ ಕಷಾಯವೋ ಗೊತ್ತಾಗಲಿಲ್ಲ. ಆ ಹೆಸರನ್ನು ಆಕೆ ಹಿಡಿದು ಎಳೆದು ಕೊನೆಯಲ್ಲಿ ಮೆಲ್ಲಗೆ ಬಿಡುತ್ತಿದ್ದ ರೀತಿ ಇದೆಯಲ್ಲ, ಅದನ್ನು ಕೇಳಿ ವಾಪಸು ಗಾಡಿ ಹತ್ತಿದ ನಾನು ಬೀರೂರು ಸ್ಟೇಷನ್ ದಾಟುವವರೆಗೂ ಮನಸ್ಸಿನಲ್ಲೇ ‘ಹಾಲಪ್’ ಎಂದು ಎಳೆದು ನೋಡಿದೆ. ಎದುರಿಗೆ ಕೂತವನು ‘ಬಿಕ್ಕಳಿಕೆನಾ ಸಾರ್? ನೀರು ಬೇಕಾ?’ ಎಂದಾಗಲೇ ಅದು ಬಾಯಿಂದಾಚೆ ಬಂದಿದೆಯೆಂದು ತಿಳಿದದ್ದು.

ಅಂದಿನಿಂದ ನನಗೆ ಬೇರೇನೂ ಬೇಡವಾಯಿತು. ಗಿರಿಜೆ ನನ್ನ ಹೆಸರನ್ನು ಒಂದು ಸಲ ಹೇಳಬೇಕು, ನಾನು ಕೇಳಬೇಕು.

‘ಒಂದ್ಸಲ ಹೇಳೇ. ಬಾಗಿಲು ಹಾಕಿದೀನಿ, ಯಾರಿಗೂ ಕೇಳಲ್ಲ.’

‘ಥೂ, ಏನ್ರೀ ನಿಮ್ಮದು? ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿಯಾಗುತ್ತೆ.’

‘ಮೋಹನನ ಹೆಂಡ್ತಿ ದಿನಾ ಹೇಳ್ತಾಳೆ. ಅವನು ಗುಂಡುಕಲ್ಲಿನ ಹಾಗಿಲ್ವಾ?’

‘ಬಿ.ಪಿ. ಬಂದೈತೆ ಅಂತ ನೀವೇ ಹೇಳಿದ್ರಲ್ಲ ಮೊನ್ನೆ?’

ಹೊಟ್ಟೆಕಿಚ್ಚಿಗೆ ಅವನ ಬಿ.ಪಿ.ಯನ್ನು ಮನೆಯಲ್ಲಿ ಸಂತೋಷದಿಂದ ಹೇಳಿಕೊಂಡಿದ್ದೆ. ಅದೀಗ ನನಗೇ ತಿರುಗಿಕೊಂಡಿತು. ಸೀರೆಯ ಆಸೆ ತೋರಿಸಿದೆ. ‘ಸೀರೆ ಉಡೋಕೆ ನೀವು ಇರ್ಬೇಕಲ್ರೀ’ ಎಂದಳು.

ಕೊನೆಗೆ ನನ್ನ ಗಣಿತದ ತಲೆಗೆ ಒಂದು ಉಪಾಯ ಹೊಳೆಯಿತು. ಮೋಹನನನ್ನೂ ವೀಣಾಳನ್ನೂ ಒಂದು ಭಾನುವಾರ ಊಟಕ್ಕೆ ಕರೆದೆ. ಆಕೆ ಕರೆಯುವುದನ್ನು ಕೇಳಿ ಕೇಳಿ ಗಿರಿಜೆಗೂ ಅಭ್ಯಾಸವಾಗಲಿ ಎಂಬುದು ಲೆಕ್ಕ. ಶುರು ಚೆನ್ನಾಗಿಯೇ ಆಯಿತು. ಹೊಸಲು ದಾಟುತ್ತಿದ್ದಂತೆಯೇ ವೀಣಾ, ‘ಮೋಹನ್, ಚಪ್ಪಲಿ ಆ ಕಡೆ ಬಿಡೋ’ ಎಂದಳು. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮಮ್ಮನ ಕೈಯಿಂದ ಸುಣ್ಣದ ಡಬ್ಬಿ ಬಿತ್ತು. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ, ‘ಲೇ ಹಾಲಪ್ಪ, ಅವಳು ಅವನ ಅಕ್ಕನೋ ಹೆಂಡ್ತಿಯೋ?’ ಎಂದು ಕೇಳಿದಳು. ಅಡುಗೆಮನೆಯಲ್ಲಿ ಗಿರಿಜೆಗೂ ವೀಣಾಳಿಗೂ ಒಂದೇ ಗಳಿಗೆಯಲ್ಲಿ ಕೂಡಿಬಂತು. ಅವರ ನಗು ಕೇಳುತ್ತ ನಾನು ಒಳಗೊಳಗೇ ಬೀಗಿದೆ.

ಊಟಕ್ಕೆ ಕೂತೆವು. ಬಾಳೆಲೆ, ಹೋಳಿಗೆ. ಗಿರಿಜೆ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ತುಪ್ಪದ ಗಿಂಡಿ ಹಿಡಿದು ಬಂದವಳು, ನನ್ನೆಲೆಯನ್ನು ದಾಟಿ ನಿಂತು, ಮುಖದ ತುಂಬ ನಗುತ್ತ, ‘ಮೋಹನ್ ಅವ್ರೇ, ಸಂಕೋಚ ಮಾಡ್ಕೋಬೇಡಿ. ಹೋಳಿಗೆಗೆ ಬಿಳೇದು ಹಾಕ್ಲಾ?’ ಎಂದಳು.

ಒಂದೇ ಉಸಿರಿನಲ್ಲಿ! ಅವನು ಮೋಹನ್ ಅವ್ರು, ನಾನು ಬಿಳೇದು! ನನ್ನ ಮನೆ, ನನ್ನ ಹೋಳಿಗೆ, ನನ್ನ ಹೆಂಡತಿ, ಹೆಸರು ಮಾತ್ರ ಅವನದು. ‘ಬಿಳೇದು ಅಂದ್ರೇನು?’ ಎಂದು ಆ ಪುಣ್ಯಾತ್ಮ ಕೇಳಿದ. ವೀಣಾ ಅವನಿಗೆ ವಿವರಿಸಿದಳು. ಅವನು ನನ್ನ ಕಡೆ ತಿರುಗಿ, ‘ಸಾರ್, ನಿಮ್ಮ ಹೆಸರಿಗೆ ಮನೇಲಿ ಎಂಥಾ ಮರ್ಯಾದೆ!’ ಎಂದ. ಅನ್ನುತ್ತಲೇ ಹೋಳಿಗೆ ಹರಿದು ಹಾಲಿನಲ್ಲಿ ಅದ್ದಿದ. ನಾನು ನನ್ನ ಹೋಳಿಗೆಯನ್ನು ಒಣದಾಗಿಯೇ ತಿಂದೆ.

ಅವರನ್ನು ಗಾಡಿ ಹತ್ತಿಸಿ ಬಂದವನೇ ಗಿರಿಜೆಯ ಮುಂದೆ ನಿಂತೆ. ‘ಅವನ ಹೆಸರು ನಿನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು! ಅವನ ಆಯಸ್ಸು ಕಮ್ಮಿಯಾಗಲ್ವಾ?’

‘ಅಯ್ಯೋ, ಅವರು ಹೊರಗಿನೋರು ಕಣ್ರೀ. ಹೊರಗಿನೋರ್ನ ಹೆಸರಿಡಿದು ಕರೀದೆ ಇನ್ನೇನಂತ ಕರೀಲಿ?’

‘ಅದೆಲ್ಲ ನಂಗೊತ್ತಿಲ್ಲ. ಅವನಿಗೆ ಸಿಕ್ಕಿದ್ದು ನನಗೂ ಸಿಗ್ಬೇಕು. ಸಿಗೋವರೆಗೂ ಈ ಮನೇಲಿ ನಾನು ಹಾಲು ಮುಟ್ಟಲ್ಲ.’

ಗಣಿತದ ಮೇಷ್ಟ್ರೊಬ್ಬ ಇಂಥ ಶಪಥ ಮಾಡಬಹುದೇ ಎಂದು ನೀವು ಕೇಳಬಹುದು. ಮಾಡಿದೆ. ಗಿರಿಜೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ‘ಅಷ್ಟೇ ತಾನೇ?’ ಎಂದು ಎಂಜಲೆಲೆ ಎತ್ತಲು ಹೋದಳು. ಆ ‘ಅಷ್ಟೇ ತಾನೇ’ಯ ದನಿಗೆ ನಾನು ಹೆದರಬೇಕಿತ್ತು.

ಬೆಳಿಗ್ಗೆ ಹಲ್ಲುಜ್ಜಿ ಬಂದು ಪೇಪರ್ ಹಿಡಿದು ಕೂತಿದ್ದೆ. ಲೋಟ ತಂದು ಮುಂದಿಟ್ಟು, ಕೈಕಟ್ಟಿ ನಿಂತು, ಸ್ಪಷ್ಟವಾಗಿ, ನಯವಾಗಿ ಅಂದಳು: ‘ಹಾಲಪ್ಪ ಅವ್ರೇ, ಹಾಲು ತಗೊಳ್ಳಿ.’

ನನ್ನ ಮೈ ಜುಮ್ಮೆಂದಿತು. ಇನ್ನೊಮ್ಮೆ ಹೇಳು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದೇವರಮನೆಯಿಂದ ನಮ್ಮಮ್ಮ ಕೂಗಿದಳು. ‘ಯಾರೇ ಗಿರಿಜಾ ಬಂದಿರೋದು? ಕೂತ್ಕೊಳ್ಳೋಕೆ ಚಾಪೆ ಹಾಕ್ದೇನೇ?’

ಗಿರಿಜೆ ಚಾಪೆ ಹಾಸಿದಳು.

ಅಂದಿನಿಂದ ನಾನು ನನ್ನ ಮನೆಗೆ ನೆಂಟ. ‘ಹಾಲಪ್ಪ ಅವ್ರೇ, ಊಟಕ್ಕೆ ಏಳಿ.’ ‘ಹಾಲಪ್ಪ ಅವ್ರೇ, ಇನ್ನೊಂಚೂರು ಸಾರು?’ ಇದ್ದ ಒಳ್ಳೆಯ ತಟ್ಟೆ ನನ್ನ ಮುಂದೆ. ಅಡುಗೆಮನೆಗೆ ಕಾಲಿಟ್ಟರೆ, ‘ನೀವ್ಯಾಕೆ ತೊಂದ್ರೆ ತಗೋತೀರಿ? ಅಲ್ಲೇ ಕೂತಿರಿ’ ಎನ್ನುವಳು. ಒದ್ದೆ ಟವಲನ್ನು ಮಂಚದ ಮೇಲೆ ಎಸೆದೆ, ಬೇಕೆಂದೇ ಎಸೆದೆ, ಬೈಯಲಿಲ್ಲ. ಹೊರಗಿನವರನ್ನು ಯಾರು ಬೈಯುತ್ತಾರೆ? ಆ ‘ರೀ’ ಎಲ್ಲಿ ಹೋಯಿತೋ! ಕರೆಯುವುದಕ್ಕೆ ಒಂದು, ರೇಗುವುದಕ್ಕೆ ಒಂದು, ಸುಮ್ಮನೆ ಪಕ್ಕದಲ್ಲಿ ಇದ್ದೀನೋ ಇಲ್ಲವೋ ನೋಡಿಕೊಳ್ಳುವುದಕ್ಕೆ ಒಂದು, ಎಷ್ಟು ಬಗೆಯ ‘ರೀ’ಗಳಿದ್ದವು ಅವಳ ಹತ್ತಿರ. ಒಂದೂ ಈಗ ನನ್ನ ಪಾಲಿಗಿರಲಿಲ್ಲ. ‘ತಪ್ಪಾಯ್ತು ಮಾರಾಯ್ತಿ’ ಎಂದೆ. ‘ದೊಡ್ಡ ಮಾತು ಆಡಬೇಡಿ ಹಾಲಪ್ಪ ಅವ್ರೇ’ ಎಂದಳು.

ಹೀಗಿರುವಾಗ ಸ್ಟಾಫ್‌ರೂಮಿನಲ್ಲಿ ಮೋಹನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ನಾಚಿಕೆಯಿಂದ ಕೆಂಪಾಗಿ, ‘ಸಾರ್, ನಮ್ಮನೇಲೂ ದಿಸ್ಸು ಬಂತು’ ಎಂದ. ಗಿರಿಜೆ ‘ರೀ’ ಎನ್ನುವುದನ್ನು ನಮ್ಮನೆಯಲ್ಲಿ ಕೇಳಿಹೋದ ವೀಣಾಳಿಗೆ ಅದು ಬಹಳ ಹಿಡಿಸಿತಂತೆ. ಈಗ ಅವನಿಗೂ ‘ರೀ’ ಅಂತೆ. ‘ಏನು ಹಿತವಾಗಿರುತ್ತೆ ಸಾರ್! ನೀವು ಪುಣ್ಯವಂತರು, ಮೊದಲಿಂದಲೂ ಅದನ್ನೇ ಕೇಳ್ಕೊಂಡು ಬಂದಿದೀರಿ’ ಎಂದ. ಬೆಂಗಳೂರು ಅವನಿಗೆ, ತಲೆಕೂದಲು ಅವನಿಗೆ, ಕೊನೆಗೆ ನನ್ನ ‘ರೀ’ಯೂ ಅವನಿಗೆ! ‘ಬಿ.ಪಿ. ಹೇಗಿದೆಯಪ್ಪಾ?’ ಎಂದೆ. ನಾರ್ಮಲ್‌ಗೆ ಬಂದಿದೆಯಂತೆ.

ಅಂದು ಸಂಜೆ ಕೆಮ್ಮುತ್ತ ಗಾಡಿ ಇಳಿದು, ಮನೆಯ ಮೆಟ್ಟಿಲ ಹತ್ತಿರ ಬಂದಾಗ ಒಳಗೆ ಗಿರಿಜೆ ಹಾಲಿನ ರಂಗಮ್ಮನ ಜೊತೆ ಮಾತಾಡುತ್ತಿದ್ದಳು. ನಾನು ಕಂಬದ ಹಿಂದೆ ನಿಂತೆ. ‘ರಂಗಕ್ಕಾ, ಬಿಳೇದು ಒಂಚೂರು ಜಾಸ್ತಿ ಹಾಕು. ಇವ್ರಿಗೆ ಕೆಮ್ಮು. ರೈಲಲ್ಲಿ ಕಿಟಕಿ ಪಕ್ಕನೇ ಕೂರ್ತಾರೆ, ಹೇಳಿದ್ರೆ ಕೇಳಲ್ಲ ಇವ್ರು. ಮಕ್ಕಳಿಗಿಂತ ಕಡೆ ಕಣೇ. ನಾನಿಲ್ದೆ ಒಂದಿನ ಇರ್ತಾರೇನೇ ಇವ್ರು?’

ಎಂಥ ದನಿ ಅದು! ನಾನಂದುಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮಂಜಾಗುತ್ತಿದ್ದ ಕನ್ನಡಕ ಒರೆಸಿಕೊಂಡು, ಎಲ್ಲ ಸರಿಹೋಯಿತೆಂದು ಓಡಿದಂತೆ ಒಳಗೆ ಹೋದೆ. ಗಿರಿಜೆ ತಟ್ಟನೆ ಸೆರಗು ಸರಿಮಾಡಿಕೊಂಡು, ‘ಬನ್ನಿ ಹಾಲಪ್ಪ ಅವ್ರೇ, ಕೂತ್ಕೊಳ್ಳಿ’ ಎಂದಳು. ಚಾಪೆ ಬಂತು. ಸ್ವಲ್ಪ ಹೊತ್ತಿಗೆ ಅರಿಶಿನ, ಮೆಣಸು ಹಾಕಿ ಕಾಯಿಸಿದ ಹಾಲೂ ಬಂತು.

‘ಯಾರಿಗೆ ಅಂತ ಕಾಯಿಸಿದ್ದು?’ ಎಂದು ಆಸೆಯಿಂದ ಕೇಳಿದೆ.

‘ಇವ್ರಿಗೆ ಅಂತ ಕಾಯಿಸಿದ್ದೆ. ಇರ್ಲಿ ಬಿಡಿ, ನೀವೇ ಕುಡೀರಿ’ ಎಂದಳು.

ಕುಡಿದೆ. ಮೋಹನನ ಮೇಲಿದ್ದ ಹೊಟ್ಟೆಕಿಚ್ಚು ಆ ಲೋಟದಲ್ಲೇ ಆರಿಹೋಯಿತು. ಅವನು ಪಾಪ, ನಮ್ಮ ಹಾಗೆ ಒಬ್ಬ ಮೇಷ್ಟ್ರು. ಈಗ ನನಗೆ ಸಂಕಟವೆಲ್ಲ ಆ ‘ಇವ್ರು’ ಎಂಬ ಆಸಾಮಿಯನ್ನು ನೆನೆದರೆ. ನಾನು ಮನೆಯಿಂದ ಆಚೆ ಹೋಗುವುದನ್ನೇ ಕಾಯುತ್ತಿದ್ದು, ಹೋದೊಡನೆ ಅಷ್ಟೆಲ್ಲ ಅಕ್ಕರೆಯನ್ನು ಹೆಂಡತಿಯ ಬಾಯಿಂದ ಅನ್ನಿಸಿಕೊಳ್ಳುವ ಆ ಅದೃಷ್ಟವಂತ ನನ್ನ ಕೈಗೆ ಸಿಗುವುದೂ ಇಲ್ಲ.