‘ವೇರ್ ಆಫ್’ ಅಂದ್ರ ಏನ್ರಿ ಮೇಡಂ?

ಕಲಬುರಗಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ನನ್ನಂಥವಳಿಗೆ ನಗುವಿಗೆ ರಜೆಯೇ ಇಲ್ಲ. ‘ವೇರ್ ಆಫ್’ ಎಂಬ ಎರಡು ಪದ ತಂದ ನಗುವನ್ನು ನೆನೆದರೇ ಸಾಕು, ಸಿಕ್ಕ ಜನರಿಗೆಲ್ಲ ಕೈ ಮುಗಿಯಬೇಕು ಅನಿಸುತ್ತದೆ.

ಹಾಕು, ತೆಗೆ

“‘ವೇರ್ ಆಫ್’ ಅಂದ್ರ ಏನು?” ಎಂದು ತರಗತಿಯಲ್ಲಿ ಕೇಳಿದೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರೊಬ್ಬರು ಎದ್ದರು.

“ವೇರ್ ಅಂದ್ರ ಹಾಕ್ಕೊಳ್ಳೋದು, ಆಫ್ ಅಂದ್ರ ತೆಗಿಯೋದ್ರಿ.”

“ಎರಡೂ ಸೇರಿದ್ರ?”

“ಹಾಕ್ಕೊಂಡು, ಕನ್ನಡಿ ನೋಡಿ, ತೆಗೆದಿಟ್ಟು, ಏನೂ ತಗೊಳ್ಳದೆ ಹೋಗೋದು. ನಮ್ಮ ಅಂಗಡ್ಯಾಗ ದಿನಾ ಇದೇ ನಡೀತದ್ರಿ ಮೇಡಂ!”

ಅಜ್ಜಿಯ ಸ್ವೆಟರ್

ಔಷಧಿಯ ಪ್ರಭಾವವೋ ನೋವೋ ಮೆಲ್ಲಗೆ ಇಳಿದುಹೋಗುವುದಕ್ಕೆ ಹಾಗನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. ಕಮಲಾಪುರದಿಂದ ಬರುವ ನರ್ಸಮ್ಮ ಹಣೆ ಹಣೆ ಬಡಿದುಕೊಂಡರು. ಮರುದಿನ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ನನ್ನ ಕೈಗಿಟ್ಟು, “ಅರ್ಥ ಹೇಳಿ ಪುಣ್ಯ ಕಟ್ಕೊಂಡ್ರಿ” ಎಂದು ಕಥೆ ಹೇಳಿದರು.

ಅವರ ದವಾಖಾನೆಗೆ ಹೊರಗಿನಿಂದ ಬಂದ ಡಾಕ್ಟರಿಗೆ ಕನ್ನಡ ಬರದು. ಸ್ವೆಟರ್ ತೊಟ್ಟು ಬಂದ ಅಜ್ಜಿಯೊಬ್ಬಳ ಅಂಗಾಲಿನ ಮುಳ್ಳು ತೆಗೆಯಲು ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟರು. “ಕಾಲು ಅದನೋ ಇಲ್ಲೋ ತಿಳೀವಲ್ದು!” ಎಂದು ಅಜ್ಜಿ ಅಳತೊಡಗಿದಳು. “ಇಟ್ ವಿಲ್ ವೇರ್ ಆಫ್” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ನರ್ಸಮ್ಮ ತಮಗೆ ತಿಳಿದಂತೆ, “ಅಜ್ಜಿ, ಸ್ವೆಟರ್ ತೆಗಿಬೇಕಂತ” ಅಂದರು.

ಅಜ್ಜಿಯ ಅಳು ಗಕ್ಕನೆ ನಿಂತಿತು. “ಮುಳ್ಳು ಚುಚ್ಚಿದ್ದು ಕಾಲಿಗೆ. ಪಾಪ, ಸ್ವೆಟರ್ ಏನ್ ಮಾಡ್ಯದ ಯವ್ವಾ?”

ಮಾತು ಬಂತು

ಕೊನೆಗೆ ಆ ಪದ ನನ್ನ ಬಾಯಿಗೇ ಬಂತು. ಕೋಟೆ ಹತ್ತಿರ ಹಲ್ಲು ಕೀಳಿಸಿಕೊಂಡೆ. “ಸ್ವಲ್ಪ ಹೊತ್ತಿಗೆ ವೇರ್ ಆಫ್ ಆಗ್ತದ” ಎಂದು ಡಾಕ್ಟರು ಹತ್ತಿ ಕಚ್ಚಿಸಿ ಕಳಿಸಿದರು. ಅರ್ಧ ಬಾಯಿ ಮರಗಟ್ಟಿತ್ತು. ಆಟೋ ಹತ್ತಿ, ಮನೆ ಇರುವ “ಕುಸನೂರ” ಹೆಸರು ಹೇಳಹೋದರೆ ಬಾಯಿಂದ “ಉಹ್ಹೂಹ” ಅಂತ ಹೊರಟಿತು.

ಆಟೋದ ಹಿರಿಯ ಚಾಚಾ ಮರುಕದಿಂದ ನೋಡಿದರು. ನಾನು ಹುಟ್ಟಾ ಮೂಗಿ ಎಂದು ಗಟ್ಟಿ ಮಾಡಿಕೊಂಡರು! ಪ್ರತಿ ತಿರುವಿನಲ್ಲೂ ನಿಲ್ಲಿಸಿ, ಎಡಕ್ಕೋ ಬಲಕ್ಕೋ ಎಂದು ಕೈಸನ್ನೆ ಮಾಡಿ ಕೇಳಿದರು. ನಾನೂ ಕೈ ತೋರಿಸಿದೆ. ಹಿಂದಿನವರು ಹಾರನ್ ಹೊಡೆದರೆ, “ಸಬರ್ ಮಾಡ್ರಿ, ಪಾಪ ಆಕೀಗೆ ಮಾತು ಬರಂಗಿಲ್ಲ!” ಎಂದು ಗದರಿದರು. ಗುರುತಿಲ್ಲದವಳ ಮೇಲೆ ಅಷ್ಟು ಅಂತಃಕರಣ ಕಂಡು ನನ್ನ ಕಣ್ಣು ತುಂಬಿ ಬಂತು.

ಮನೆ ಮುಟ್ಟುವಷ್ಟರಲ್ಲಿ ಜೋಮು ಇಳಿದಿತ್ತು. ಹತ್ತಿ ಉಗುಳಿ, ಸ್ವಚ್ಛವಾಗಿ, “ಭಾಳ ಉಪಕಾರ ಆತ್ರಿ ಚಾಚಾ” ಅಂದೆ.

ಚಾಚಾ ನನ್ನನ್ನು ನೋಡಿದರು, ತಮ್ಮ ಆಟೋ ನೋಡಿದರು. ಅದರ ನೆತ್ತಿ ಸವರಿ ಅಂದರು: “ಯಾ ಅಲ್ಲಾ! ಮೂಗರಿಗೂ ಮಾತು ಬರಸ್ತೀಯಲ್ಲ! ನಾಳಿಂದ ಸ್ಟ್ಯಾಂಡ್ ಬ್ಯಾಡ ಬೇಟಾ, ನಿನ್ನನ್ನ ದವಾಖಾನಿ ಮುಂದ ನಿಲ್ಲಸ್ತೀನಿ!”