ಅಕ್ಕನಿಗೆ ದರ್ಜೆ ಕೊಡುವುದು ಹೇಗೆ?

ಅಕ್ಕನ ಅಂಕಪಟ್ಟಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಒಂಬತ್ತರ ಮುಂದೆ ‘ಜಿ’, ಎರಡರ ಮುಂದೆ ‘ವಿಜಿ’. ಶೇಕಡಾವಾರು ಇಲ್ಲ, ಸರಾಸರಿ ಇಲ್ಲ, ರ‍್ಯಾಂಕು ಇಲ್ಲ, ಕೊನೆಗೆ ‘ಪ್ರಥಮ ದರ್ಜೆ’ ಎಂಬ ಒಂದು ಸಮಾಧಾನವೂ ಇಲ್ಲ.

ನಮ್ಮ ಅಕ್ಕ ಜಾಣೆಯೋ ದಡ್ಡಿಯೋ ಎಂದು ಖಚಿತವಾಗಿ ಹೇಳಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಹಾಗೆ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಾನೂ ಸೇರಿ!

ಹೌದು, ನನ್ನ ಕೆಲಸವೇ ಅದು. ಬರ್ಕ್ಲಿಯ ಪಕ್ಕದ ಎಮರಿವಿಲ್‌ನ ಒಂದು ಸಣ್ಣ ಆಫೀಸಿನಲ್ಲಿ ಕುಳಿತು, ಬೇರೆ ದೇಶಗಳಲ್ಲಿ ಓದಿದವರ ಅಂಕಪಟ್ಟಿಗಳನ್ನು ಅಮೆರಿಕದ ಅಳತೆಗೆ ತಂದು ವರದಿ ಬರೆಯುತ್ತೇನೆ. ಇಲ್ಲಿ ಪಿಎಚ್.ಡಿ.ಗೋ ಮಾಸ್ಟರ್ಸಿಗೋ ಸೇರುವವರಿಗೆ ಆ ವರದಿ ಬೇಕಾಗುತ್ತದೆ. ನನ್ನ ಪಾಲಿಗೆ ಬಂದ ದೇಶ ಸ್ವೀಡನ್. ಆ ದೇಶವನ್ನು ನಾನು ಕಂಡಿಲ್ಲ, ಆದರೆ ಅದರ ಅಂಕಪಟ್ಟಿಗಳ ಹುಟ್ಟುಗುಣ ಬಲ್ಲೆ. ಅಲ್ಲಿ ಬಹಳ ಕಡೆ ‘ಜಿ’ ಎಂದರೆ ಪಾಸು, ‘ವಿಜಿ’ ಎಂದರೆ ಚೆನ್ನಾಗಿ ಪಾಸು. ಅಷ್ಟೆ! ಏದುಸಿರು ಬಿಡುತ್ತಾ ಗಡಿ ದಾಟಿದವಳೂ ‘ಜಿ’, ಕೂದಲೆಳೆಯಲ್ಲಿ ‘ವಿಜಿ’ ಕೈತಪ್ಪಿದವಳೂ ‘ಜಿ’. ದಶಮಾಂಶದ ಬಲಗಡೆಯ ಎರಡು ಅಂಕಿಗಳಿಗಾಗಿ ಇಡೀ ಯೌವನವನ್ನು ಲೈಬ್ರರಿಯಲ್ಲಿ ಕಳೆದ ನನ್ನಂಥವಳ ಹೊಟ್ಟೆ ಉರಿಯದೆ ಇರುತ್ತದೆಯೇ?

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ನನಗಿಂತ ಹತ್ತೇ ತಿಂಗಳು ದೊಡ್ಡವಳು. ಆ ಹತ್ತು ತಿಂಗಳಿಗೆ ಜೀವಮಾನವಿಡೀ ‘ಅಕ್ಕ’ ಎನ್ನುವ ಶಿಕ್ಷೆ ನನಗೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮಾಸ್ಟರ್ಸಿಗೆ ಸ್ವೀಡನ್ನಿನ ಉತ್ತರದ ತುದಿಗೆ ಹೋದಳು. ಓದಿದ್ದೇನು? ಕಲ್ಲುಹೂವು! ಮರದ ತೊಗಟೆಗೂ ಬಂಡೆಗೂ ಅಂಟಿಕೊಂಡು ಬೆಳೆಯುತ್ತದಲ್ಲ, ಒಣಗಿಸಿ ಮಸಾಲೆಗೆ ಹಾಕುತ್ತೇವಲ್ಲ, ಅದೇ.

“ಪಲಾವಿಗೆ ಹಾಕೋದನ್ನ ಓದಕ್ಕೆ ಅಷ್ಟು ದೂರ ಹೋಗ್ಬೇಕೇನೇ? ಇಲ್ಲೇ ಮಾರ್ಕೆಟ್ಟಲ್ಲಿ ಸಿಗುತ್ತಲ್ಲ!” ಎಂದಿದ್ದರು ದೊಡ್ಡಮ್ಮ.

“ಮಾರ್ಕೆಟ್ಟಲ್ಲಿ ಸಿಗೋದು ಸತ್ತಿರುತ್ತೆ ಕಣಮ್ಮಾ,” ಎಂದಿದ್ದಳು ಅಕ್ಕ.

ಓದು ಮುಗಿದ ಮೇಲೆ ನಾಲ್ಕು ವರ್ಷ ಅಲ್ಲಿಯ ಕಾಡುಗಳಲ್ಲಿ ಕಲ್ಲುಹೂವು ಎಣಿಸುವ ಕೆಲಸ ಮಾಡಿದಳು. ಈಗ, ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುತ್ತೇನೆಂದು, ಮೂರು ತಿಂಗಳ ಮಟ್ಟಿಗೆ ಬರ್ಕ್ಲಿಯ ನನ್ನ ಅಪಾರ್ಟ್‌ಮೆಂಟಿಗೆ ಬಂದಿಳಿದಳು.

ಅವಳು ಓದಿದ ಕಡೆ ಐದಾರು ವಿಷಯಗಳನ್ನು ಒಟ್ಟಿಗೆ ಓದುವ ಪದ್ಧತಿ ಇಲ್ಲ. ಒಂದು ಕೋರ್ಸು, ಐದು ವಾರ, ಪರೀಕ್ಷೆ. ಆಮೇಲೆ ಮುಂದಿನದು. ಅಕ್ಕ ಈ ಪದ್ಧತಿಯನ್ನು ವಿಶ್ವವಿದ್ಯಾಲಯದಲ್ಲಿ ಬಿಟ್ಟು ಬರಬಾರದಿತ್ತೇ? ನನ್ನ ಅಡುಗೆಮನೆಗೆ ತಂದಳು! ಬಂದ ದಿನ ಚಿತ್ರಾನ್ನ. ಮರುದಿನವೂ ಚಿತ್ರಾನ್ನ. ಹತ್ತನೆಯ ದಿನ ನಾನು ಮೆಲ್ಲಗೆ, “ಅಕ್ಕಾ, ನಾಳೆ ಉಪ್ಪಿಟ್ಟು ಮಾಡೋಣ್ವಾ?” ಎಂದೆ.

“ಇದೇ ಇನ್ನೂ ಮುಗಿದಿಲ್ಲ ಕಣೇ. ಒಗ್ಗರಣೆ ಈಗ ತಾನೇ ಅರ್ಥ ಆಗ್ತಿದೆ!”

ಐದನೆಯ ವಾರದ ಕೊನೆಗೆ ಪಕ್ಕದ ಮನೆಯ ಅಮೆರಿಕನ್ ಅಜ್ಜಿಯನ್ನು ಕರೆದು ಬಡಿಸಿದಳು. ಅದು ಪರೀಕ್ಷೆ. ಅಜ್ಜಿ ಮೂರು ಸಲ ಹಾಕಿಸಿಕೊಂಡರು. ಮೂರು ವರ್ಷಗಳಲ್ಲಿ ಆ ಅಜ್ಜಿ ನನಗೆ ಲಿಫ್ಟಿನಲ್ಲಿ ‘ಹಾಯ್’ ಎಂದದ್ದುಂಟು, ಅಷ್ಟೆ. ಅಕ್ಕನಿಗೆ ಈಗ ಸ್ವೆಟರು ಹೆಣೆಯುತ್ತಿದ್ದಾರೆ. ನೀಲಿ ಬಣ್ಣದ್ದು. ನನಗಿಷ್ಟವಾದ ಬಣ್ಣ!

ಆಮೇಲೆ ಫ್ರೀಮಾಂಟಿನ ಊಟ. ನಮ್ಮ ಕಡೆಯ ಒಂದು ಕುಟುಂಬ ಶನಿವಾರ ಸಂಜೆ ಆರಕ್ಕೆ ಊಟಕ್ಕೆ ಕರೆದಿತ್ತು. ಆರು ಎಂದರೆ ಏಳೂವರೆ ಎಂದು ಕನ್ನಡಿಗರಿಗೆ ಯಾರಾದರೂ ಹೇಳಿಕೊಡಬೇಕೇ? ನನಗೆ ಕೆಲಸವಿತ್ತು. ಅಕ್ಕ ಟ್ರೈನು ಹಿಡಿದು ಮುಂಚೆ ಹೋದಳು. ಸ್ವೀಡನ್ನಿನವರಂತೆ ಆರಕ್ಕೆ ಹತ್ತು ನಿಮಿಷ ಇರುವಾಗಲೇ ತಲುಪಿ, ಹತ್ತು ನಿಮಿಷ ಬೀದಿಯಲ್ಲಿ ನಿಂತು, ಸರಿಯಾಗಿ ಆರಕ್ಕೆ ಬೆಲ್ ಒತ್ತಿದ್ದಾಳೆ. ಮನೆಯೊಡತಿ ನೈಟಿಯಲ್ಲಿ, ಕೈತುಂಬ ಕಡಲೆಹಿಟ್ಟು ಮೆತ್ತಿಕೊಂಡು ಬಾಗಿಲು ತೆರೆದಿದ್ದಾರೆ!

ನಾನಾಗಿದ್ದರೆ ಅಲ್ಲೇ ಭೂಮಿಗಿಳಿದುಹೋಗುತ್ತಿದ್ದೆ. ನಾನು ಏಳೂವರೆಗೆ, ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಸ್ವೀಟಿನ ಡಬ್ಬ ಹಿಡಿದು ಹೋದಾಗ ಅಕ್ಕ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಬೋಂಡ ಕರಿಯುವುದನ್ನು ನೋಡುತ್ತಾ ಕಾಲಾಡಿಸುತ್ತಿದ್ದಳು. ಮನೆಯೊಡತಿ ಅವಳಿಗೆ ತಮ್ಮ ಅತ್ತೆಯ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. ನನ್ನನ್ನು ನೋಡಿ, “ಬನ್ನಿ ಬನ್ನಿ. ನೀವು ಇವಳ ತಂಗಿ ಅಲ್ವಾ?” ಎಂದರು.

ಆ ಮನೆಗೆ ನಾನು ಮೂರು ವರ್ಷದಿಂದ ಹೋಗುತ್ತಿದ್ದೇನೆ. ಅಕ್ಕ ಹೋಗಿ ಒಂದೂವರೆ ಗಂಟೆಯಾಗಿತ್ತು!

ಇದೆಲ್ಲ ಹೋಗಲಿ. ಒಂದು ದಿನ ಬೆಟ್ಟದ ದಾರಿಯಲ್ಲಿ ವಾಕಿಂಗ್ ಹೋದವಳು ಓಕ್ ಮರವೊಂದಕ್ಕೆ ಮೂಗು ತಾಗಿಸಿ ನಿಂತಿದ್ದಳಂತೆ. ಆ ಮರದ ಇನ್ನೊಂದು ಬದಿಗೆ ಇನ್ನೊಬ್ಬರು ಮೂಗು ತಾಗಿಸಿ ನಿಂತಿದ್ದರಂತೆ. ಇಬ್ಬರೂ ಒಂದೇ ಜಾತಿಯ ಕಲ್ಲುಹೂವನ್ನು ನೋಡುತ್ತಿದ್ದರಂತೆ. ಆ ಇನ್ನೊಬ್ಬರು ಯಾರಿರಬೇಕು? ಅವಳು ಅರ್ಜಿ ಹಾಕಬೇಕೆಂದಿದ್ದ ವಿಭಾಗದ ಪ್ರೊಫೆಸರು! “ಅರ್ಜಿ ಹಾಕು, ನಾನು ಎದುರು ನೋಡ್ತಿರ್ತೀನಿ” ಎಂದು ಅಲ್ಲೇ ಹೇಳಿಬಿಟ್ಟರಂತೆ.

“ಎಷ್ಟು ಚೆನ್ನಾಗಿತ್ತು ಗೊತ್ತಾ?” ಎಂದಳು ಅಕ್ಕ.

“ಪ್ರೊಫೆಸರಾ?”

“ಕಲ್ಲುಹೂವು ಕಣೇ!”

ಇಲ್ಲಿ ಒಂದು ಮಾತು ಹೇಳಬೇಕು. ನಾನು ಯಾರಿಗೂ ಹೇಳಿರದ ಮಾತು. ಅದೇ ವಿಶ್ವವಿದ್ಯಾಲಯಕ್ಕೆ ನಾನೂ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೆ. ಎರಡು ಸಲ. ವಿಷಯ ಬೇರೆ, ಇತಿಹಾಸ. ಎರಡು ಸಲವೂ ‘ವಿಷಾದಿಸುತ್ತೇವೆ’ ಎಂದು ಬಂತು. ನನ್ನ ಕಾಗದಗಳಲ್ಲಿ ಒಂದು ಅಲ್ಪವಿರಾಮ ಕೂಡ ತಪ್ಪಿರಲಿಲ್ಲ.

ಮರದ ಪ್ರಸಂಗದ ಮರುದಿನ ಅಕ್ಕ ಆ ಹನ್ನೊಂದು ಸಾಲಿನ ಪಟ್ಟಿಯನ್ನು ನನ್ನ ಮುಂದಿಟ್ಟಳು. ಸಂಬಂಧಿಕರ ಕಾಗದಕ್ಕೆ ನಾನು ವರದಿ ಬರೆಯುವಂತಿಲ್ಲ, ಅದು ಸಹೋದ್ಯೋಗಿಯ ಪಾಲಿಗೆ ಹೋಗುತ್ತದೆ. “ಆದ್ರೂ ನೀನೊಂದ್ಸಲ ನೋಡಿಬಿಡು. ಎಲ್ಲಾ ಇದ್ಯಾ ಅಂತ,” ಎಂದಳು.

ನೋಡಿದೆ. ಎಲ್ಲ ಇರಲಿಲ್ಲ. ಸ್ವೀಡನ್ನಿನಲ್ಲಿ ಕೋರ್ಸುಗಳನ್ನು ಪಾಸು ಮಾಡಿದ ಮಾತ್ರಕ್ಕೆ ಪದವಿ ತಾನಾಗಿ ಬರುವುದಿಲ್ಲ. ‘ನನಗೆ ಪದವಿ ಪತ್ರ ಕೊಡಿ’ ಎಂದು ವಿದ್ಯಾರ್ಥಿಯೇ ಅರ್ಜಿ ಹಾಕಬೇಕು. ಕೇಳದವರಿಗೆ ಕೊಡುವುದಿಲ್ಲ. ಅಕ್ಕ ಕೇಳಿರಲಿಲ್ಲ! ನಾಲ್ಕು ವರ್ಷ ಮಾಸ್ಟರ್ಸ್ ಆಯಿತೆಂದು ತಿರುಗಾಡಿದವಳ ಕೈಯಲ್ಲಿ ಆ ಪದವಿಯೇ ಇರಲಿಲ್ಲ. ಗಡುವಿಗೆ ಹದಿನಾಲ್ಕು ದಿನವಿತ್ತು. ‘ಎಲ್ಲ ಮುಗಿಸಿದ್ದಾಳೆ’ ಎಂಬ ಒಂದು ಪತ್ರವನ್ನಾದರೂ ಅಲ್ಲಿಂದ ತರಿಸಬಹುದು, ಹತ್ತು ದಿನ ಸಾಕು ಎಂದು ನನ್ನ ಅನುಭವಕ್ಕೆ ಗೊತ್ತಿತ್ತು.

“ನೋಡಿದ್ಯಾ?” ಎಂದಳು ಅಕ್ಕ.

“ನೋಡಿದೆ,” ಎಂದೆ.

ಸುಳ್ಳಲ್ಲ! ಒಂದಕ್ಷರವೂ ಸುಳ್ಳಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಅವಳು ನನ್ನ ಟವೆಲ್ಲಿನಲ್ಲಿ ಪಾಚಿ ಒರೆಸಿದ್ದಳು, ಹೇಳಲಿಲ್ಲ. ನಾಡಿದ್ದು ಅಜ್ಜಿ ಸ್ವೆಟರಿನ ಅಳತೆ ತೆಗೆಯಲು ಬಂದರು, ಹೇಳಲಿಲ್ಲ. ಒಳ್ಳೆಯ ಕಾರಣಗಳಿಗೆ ಬರವೇ? ಹೀಗೆ ಒಂಬತ್ತು ದಿನ.

ಒಂಬತ್ತನೆಯ ದಿನ ಭಾನುವಾರ. ಸಂಜೆ ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ, ಈರುಳ್ಳಿ ಹೆಚ್ಚುತ್ತಾ ದೊಡ್ಡಮ್ಮನ ಜೊತೆ ಮಾತಾಡುತ್ತಿದ್ದಳು. ನಾನು ಮೇಜಿನ ಹತ್ತಿರ ಬಟ್ಟೆ ಮಡಿಸುತ್ತಿದ್ದೆ.

“ಕಾಗದಪತ್ರ ಎಲ್ಲಾ ಸರಿಯಾಗಿದ್ಯೇನೇ? ನಿನ್ನನ್ನ ನಂಬಕ್ಕಾಗಲ್ಲ,” ಎಂದರು ದೊಡ್ಡಮ್ಮ.

“ನನ್ನನ್ನ ನಂಬಬೇಡಮ್ಮಾ. ಅವಳು ನೋಡಿದಾಳೆ. ಅವಳು ನೋಡಿದ ಮೇಲೆ ದೇವರು ನೋಡೋದೂ ಬೇಕಿಲ್ಲ.”

“ಹಾಗಾದ್ರೆ ಸರಿ. ಅವಳಿದಾಳೆ ಅಂತಾನೇ ನಾನು ನಿದ್ದೆ ಮಾಡ್ತಿರೋದು,” ಎಂದರು ದೊಡ್ಡಮ್ಮ.

ಫೋನು ಇಟ್ಟ ಮೇಲೆ ಹೇಳಿದೆ. ಪದವಿ ಪತ್ರ ಇಲ್ಲ, ಅದಿಲ್ಲದೆ ಅರ್ಜಿ ಅಪೂರ್ಣ, ಉಳಿದಿರುವುದು ಐದು ದಿನ. ಅಕ್ಕ ಚಾಕು ಕೆಳಗಿಟ್ಟಳು.

“ಯಾವಾಗ ಗೊತ್ತಾಯ್ತು?”

“ನೀನು ತೋರಿಸಿದ ದಿನಾನೇ.”

ಹೆಚ್ಚಿದ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ಒಂಬತ್ತು ದಿನ ಒಬ್ಬಳೇ ಇಟ್ಕೊಂಡು ಒದ್ದಾಡಿದ್ಯಾ? ನಂಗೆ ಬೇಜಾರಾಗುತ್ತೆ ಅಂತ?” ಎಂದಳು.

ಎಂಥ ಅನುಕೂಲದ ಬಾಗಿಲು! ತಲೆಯಾಡಿಸಿದ್ದರೆ ಮುಗಿದಿತ್ತು.

“ಅಲ್ಲ ಅಕ್ಕ,” ಎಂದೆ. “ಹೊಟ್ಟೆಕಿಚ್ಚು.”

ಆ ವಿಶ್ವವಿದ್ಯಾಲಯದ ಎರಡು ವಿಷಾದಗಳನ್ನೂ ಹೇಳಿದೆ. ಅಕ್ಕನ ಮುಖ ಕೆಂಪಾಯಿತು. ಬೈಯುತ್ತಾಳೆ ಎಂದು ಕಾದೆ. ಬೈದಳು ಕೂಡ.

“ಎರಡು ಸಲಾನಾ? ಎರಡು ಸಲ ಅವರು ನಿನ್ನನ್ನ ಬೇಡ ಅಂದ್ರೂ ನಂಗೊಂದು ಫೋನ್ ಮಾಡಲಿಲ್ವಾ? ನಾನ್ ಯಾಕೆ ಇದೀನೇ, ಗೂಬೆ?”

ಅವಳಿಗೆ ಸಿಟ್ಟು ಬಂದದ್ದು ಅದೊಂದಕ್ಕೇ. ಈರುಳ್ಳಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತಳು. ನಾನು ಮಡಿಸಿಟ್ಟಿದ್ದ ಟವೆಲ್ಲನ್ನು ಕೊಟ್ಟೆ. ಅವಳ ಹನ್ನೊಂದು ಸಾಲನ್ನು ಅಮೆರಿಕದ ಲೆಕ್ಕಕ್ಕೆ ತರಬಹುದು. ಇವಳನ್ನು ಯಾವ ಲೆಕ್ಕಕ್ಕೆ ತರಲಿ?

ಮರುದಿನ ಬೆಳಗ್ಗೆ ಆರಕ್ಕೆ ಎದ್ದು ಅಕ್ಕನನ್ನು ಎಬ್ಬಿಸಿ, ಸ್ವೀಡನ್ನಿನ ಪದವಿ ವಿಭಾಗಕ್ಕೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಆ ಭಾಷೆಯಲ್ಲಿ ಬೇಡಿಕೊಳ್ಳುತ್ತಿರುವಾಗ ನಾನು ಲ್ಯಾಪ್‌ಟಾಪು ತೆರೆದು, ನನಗೆ ಎರಡು ಸಲ ವಿಷಾದಿಸಿದ್ದ ಅದೇ ಪ್ರವೇಶ ಕಚೇರಿಗೆ ಬರೆದೆ: ‘ಈ ಅರ್ಜಿದಾರಳ ಒಂದು ಪತ್ರ ಗಡುವು ಮೀರಿ ಬರಬಹುದು. ಕೊರತೆಯನ್ನು ಹತ್ತು ದಿನಗಳ ಹಿಂದೆಯೇ ಕಂಡವಳು ನಾನು. ಹೇಳದೆ ಉಳಿದವಳೂ ನಾನು. ದಯವಿಟ್ಟು ಈ ತಡವನ್ನು ಅವಳದೆಂದು ಎಣಿಸಬೇಡಿ.’ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಕಳಿಸಿದೆ.